ಕಿವಿ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು

ಕೆಲವು ತಿಂಗಳ ಹಿಂದೆ ಹರಿಹರದಲ್ಲಿ ಒಬ್ಬ ಕಿವುಡರು ಕಿವಿ ಪರೀಕ್ಷೆಗೆ ಕೂತರು. ಡಾಕ್ಟರು ಹತ್ತು ಪ್ರಶ್ನೆ ಕೇಳಿದರು. ಹತ್ತಕ್ಕೂ ಸರಿಯಾದ ಉತ್ತರ ಕೊಟ್ಟರು. ಆದ್ದರಿಂದ ಫೇಲಾದರು.

ನಂಬಿಕೆ ಬರುತ್ತಿಲ್ಲವೇ? ನಾನು ಆ ಕೋಣೆಯ ಹೊರಗಿನ ಬೆಂಚಿನ ಮೇಲೇ ಕೂತಿದ್ದೆ. ಅವರು ಫೇಲಾಗುವುದಕ್ಕೆ ಅರ್ಧ ಕಾರಣ ನಾನೇ. (ಇನ್ನರ್ಧ ಸರ್ಕಾರ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ, ಬಿಡುವುದಿಲ್ಲ.)

ಅವರ ಹೆಸರು ದಸ್ತಗೀರ್ ಸಾಬ್. ನನಗೆ ದಸ್ತಗೀರ್ ಚಾಚಾ. ದಾವಣಗೆರೆಯ ಬಟ್ಟೆ ಮಿಲ್ಲೊಂದರಲ್ಲಿ ನಮ್ಮಪ್ಪನ ಪಕ್ಕದ ಮಗ್ಗದವರು. ಅಪ್ಪ ಈಗಿಲ್ಲ. ನಾನು ಮದುವೆಯಾಗಿ ಪಿ.ಜೆ. ಬಡಾವಣೆಗೆ ಬಂದು, ಈ ಪತ್ರಿಕೆಯಲ್ಲಿ ವಾರವಾರವೂ ಯಾರಾದರೊಬ್ಬರ ಮೇಲೆ ಹರಿಹಾಯುವ ಹೆಂಗಸಾದೆ. ಚಾಚಾ ಮಾತ್ರ ಆನೆಕೊಂಡದ ಅದೇ ಮನೆಯಲ್ಲಿದ್ದಾರೆ, ಅದೇ ಮಿಲ್ಲಿಗೆ ಹೋಗುತ್ತಾರೆ. ಹಬ್ಬಕ್ಕೆ ನಮ್ಮ ಮನೆಗೆ ಶಾವಿಗೆ ಬರುವುದು ನಿಂತಿಲ್ಲ, ಇಲ್ಲಿಂದ ಹೋಳಿಗೆ ಹೋಗುವುದೂ ನಿಂತಿಲ್ಲ.

ನಿಂತದ್ದು ಒಂದೇ. ಅವರ ಕಿವಿ.

ಮೂವತ್ತು ವರ್ಷ ನೂರಾರು ಮಗ್ಗಗಳ ನಡುವೆ ನಿಂತವರ ಕಿವಿ ಇನ್ನೇನಾಗಬೇಕು? ಮೊದಲು ಹಕ್ಕಿಯ ದನಿ ಹೋಯಿತಂತೆ. ಆಮೇಲೆ ಸೈಕಲ್ ಬೆಲ್ಲು. ಆಮೇಲೆ ಚಾಚಿ ಒಳಗಿನಿಂದ ಕರೆದದ್ದು. ಕೊನೆಕೊನೆಗೆ ಚಾಚಿ ಅವರನ್ನು ಕರೆಯುವುದನ್ನೇ ಬಿಟ್ಟು, ಹಿಂದಿನಿಂದ ಬಂದು ಅಂಗಿ ಹಿಡಿದು ಎಳೆಯತೊಡಗಿದರು. "ಕರೆಂಟ್ ಹೋತು ಅಂದ್ರ ನಮ್ ಮನ್ಯಾಗ ಮಾತೂ ಬಂದ್ ನೋಡವ್ವ. ದೀಪ ಹಚ್ಚೋ ತನಕ ಇಬ್ರೂ ಸುಮ್ನೆ ಕುಂತಿರ್ತೀವಿ," ಎಂದು ಚಾಚಿಯೇ ಒಮ್ಮೆ ನನಗೆ ಹೇಳಿದ್ದರು. ಆ ಮಾತನ್ನು ಕೇಳಿ ನಾನು ಅಯ್ಯೋ ಪಾಪ ಅಂದೆನೇ ಹೊರತು ತಲೆಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಹರಿಹರಕ್ಕೆ ಎರಡು ಸಲ ಓಡುವುದು ತಪ್ಪುತ್ತಿತ್ತು.

ಬೇಸಿಗೆ ಶುರುವಾದಾಗ ಮಿಲ್ಲಿನ ಅಂಗಳದಲ್ಲಿ ಒಂದು ಅಪಘಾತವಾಯಿತು. ನೂಲಿನ ಕೈಗಾಡಿ ಹಿಂದಿನಿಂದ ಬರುತ್ತಿತ್ತು. ತಳ್ಳುವವರು ಸರೀರಿ ಸರೀರಿ ಎಂದು ಬಾಯಿ ಬಡಿದುಕೊಂಡರೂ ಚಾಚಾ ಸರಿಯಲಿಲ್ಲ. ಮೊಣಕಾಲಿಗೆ ಪೆಟ್ಟು ಬಿತ್ತು. ಮಾರನೇ ದಿನವೇ ಮ್ಯಾನೇಜರು ಕರೆಸಿದರು. ಇನ್ನು ಮಗ್ಗ ಬೇಡ, ಗೋದಾಮಿನ ಗೇಟಿಗೆ ಹಾಕುತ್ತೇವೆ. ಆದರೆ ಗೇಟಿನಲ್ಲಿ ಲಾರಿಯ ಹಾರ್ನ್ ಕೇಳಿಸಬೇಕು. ತಿಂಗಳ ಕೊನೆಯೊಳಗೆ ಕಿವಿ ಮಷಿನ್ ಹಾಕಿಕೊಂಡು ಬಂದರೆ ಸರಿ. ಇಲ್ಲದಿದ್ದರೆ ಮನೆ.

ಮನೆ ಎಂದರೆ ಏನು? ಮಗಳ ಮದುವೆ ಆಗಬೇಕಿದೆ. ಚಾಚಾರ ರಿಟೈರ್‌ಮೆಂಟಿಗೆ ಇನ್ನೂ ನಾಲ್ಕು ವರ್ಷವಿದೆ. ಐವತ್ತು ದಾಟಿದ, ಕಿವಿ ಕೇಳದ ನೇಕಾರನಿಗೆ ಈ ಊರಿನಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ? ಮಷಿನ್ ಕೊಳ್ಳೋಣವೆಂದರೆ ಅದು ಬೆಂಗಳೂರಿನಿಂದ ಬರಬೇಕು, ಅದರ ಬೆಲೆ ಕೇಳಿಯೇ ಚಾಚಿ ಗೋಡೆಗೆ ಒರಗಿದರು.

ಇಲ್ಲಿ ಬರುತ್ತದೆ ಸರ್ಕಾರ.

ವಿಧಾನಸೌಧದವರನ್ನು ಹೊಗಳಿ ನಾನು ಒಂದು ಸಾಲೂ ಬರೆದಿಲ್ಲ ಎಂದು ಕೆಲವು ಓದುಗರಿಗೆ ಬೇಜಾರಿದೆ. ತಗೊಳ್ಳಿ, ಇವತ್ತು ಬರೆಯುತ್ತೇನೆ. ಕಾರ್ಮಿಕರ ಆರೋಗ್ಯ ವಿಮೆಯಲ್ಲಿ ಬರೀ ಮಾತ್ರೆ, ಇಂಜೆಕ್ಷನ್ ಕೊಟ್ಟರೆ ಸಾಲದು, ಕೃತಕ ಕಾಲು, ಸೊಂಟದ ಪಟ್ಟಿ, ಕಿವಿ ಮಷಿನ್ ಇಂಥವನ್ನು ಕೊಂಡ ದುಡ್ಡನ್ನೂ ವಾಪಸ್ ಕೊಡಬೇಕು ಎಂದು ಅವರು ಕಾನೂನು ಮಾಡಿದ್ದಾರೆ. ಒಳ್ಳೆಯ ಕಾನೂನು. ಓದಿದರೆ ಕಣ್ಣಲ್ಲಿ ನೀರು ಬರುವಂಥ ಕಾನೂನು. ಡಾಕ್ಟರ ಸರ್ಟಿಫಿಕೇಟ್ ಒಂದಿದ್ದರೆ ಸಾಕು, ಮಿಲ್ಲಿನ ಸೊಸೈಟಿಯವರು ಮುಂಗಡ ಕೊಡುತ್ತಾರೆ, ವಿಮೆಯವರು ಆಮೇಲೆ ತುಂಬಿಕೊಡುತ್ತಾರೆ.

ಆದರೆ ಕಾನೂನಿನ ಹಿಂದೆ ನಿಯಮ ಬರುತ್ತದೆ. ನಿಯಮದ ಹಿಂದೆ ಫಾರಂ ಬರುತ್ತದೆ. ಕಾನೂನು ಮಾಡುವವರು ಮಂತ್ರಿಗಳು. ಫಾರಂ ಮಾಡುವವರು ಯಾರು? ಯಾರಾದರೂ ಅವರ ಮುಖ ನೋಡಿದ್ದೀರಾ? ನಾನಂತೂ ನೋಡಿಲ್ಲ.

ಸಾಧನಗಳಿಗೆ ಸರ್ಟಿಫಿಕೇಟ್ ಕೊಡುವ ಡಾಕ್ಟರು ಕೂರುವುದು ಹರಿಹರದಲ್ಲಿ, ಬುಧವಾರ ಬೆಳಿಗ್ಗೆ ಮಾತ್ರ. ನಾವು ಹೋದದ್ದು ತಿಂಗಳ ಕೊನೆಯ ಬುಧವಾರ. ಚಾಚಾ ನುಣ್ಣಗೆ ಗಡ್ಡ ಕೆರೆಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಬಸ್ಸಿನಿಂದಿಳಿದು ನಡೆಯುವಾಗ ಎರಡು ಸಲ ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡರು. ನಾನು ಅವರ ಮುಂದೆ ನಿಂತು ಧೈರ್ಯ ಹೇಳಿದೆ. "ಹೆದರಬ್ಯಾಡ್ರಿ ಚಾಚಾ. ಡಾಕ್ಟ್ರು ಏನ್ ಕೇಳಿದ್ರೂ ಸರಿಯಾಗಿ ನೋಡ್ಕೊಂಡು ಉತ್ತರ ಕೊಡ್ರಿ, ಅಷ್ಟೇ."

ಎಂಥ ಬುದ್ಧಿವಾದ ನೋಡಿ! ಈಗ ನೆನೆದರೆ ನನ್ನ ತಲೆಗೆ ನಾನೇ ಒಂದು ಕೊಟ್ಟುಕೊಳ್ಳಬೇಕು ಅನ್ನಿಸುತ್ತದೆ.

ಒಳಗೆ ಹೋದವರು ಐದೇ ನಿಮಿಷದಲ್ಲಿ ಹೊರಗೆ ಬಂದರು. ಮುಖ ಅರಳಿತ್ತು. ಎರಡೂ ಕೈಯ ಬೆರಳುಗಳನ್ನು ಅಗಲಿಸಿ ತೋರಿಸಿದರು. "ಸರೋಜಾ ಬೇಟಿ, ಹತ್ತಕ್ಕೆ ಹತ್ತು! ಒಂದೂ ತಪ್ಪು ಮಾಡ್ಲಿಲ್ಲ ನಾನು!"

ಅವರ ಬೆನ್ನಿಗೇ ಗುಮಾಸ್ತರು ಫಾರಂ ಹಿಡಿದುಕೊಂಡು ಬಂದರು. ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ಶ್ರವಣ ಶಕ್ತಿ ಸಹಜವಾಗಿದೆ. ಸಾಧನದ ಅಗತ್ಯವಿಲ್ಲ.

ನಾನು ಅದನ್ನು ಓದಿ ಹೇಳಿದೆ. ಚಾಚಾ ನನ್ನ ಬಾಯನ್ನೇ ನೋಡುತ್ತಿದ್ದರು. ಅಗಲಿಸಿದ್ದ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಪರೀಕ್ಷೆ ಎಂದ ಮೇಲೆ ಪಾಸಾದವರಿಗೆ ಮಷಿನ್ ಕೊಡುತ್ತಾರೆ ಎಂದುಕೊಂಡಿದ್ದರು ಪಾಪ. ನಾಲ್ಕನೇ ಕ್ಲಾಸಿನ ನಂತರ ಅವರು ಕೂತ ಮೊದಲ ಪರೀಕ್ಷೆ ಅದು.

ಗುಮಾಸ್ತರು ಕೆಟ್ಟವರಲ್ಲ. ಪಿಸುದನಿಯಲ್ಲಿ ಒಂದು ಉಪಾಯವನ್ನೂ ಹೇಳಿದರು. "ಅಲ್ಲಮ್ಮ, ಏನ್ ಕೇಳಿದ್ರೂ ಆಂ ಆಂ ಅಂತ ಕುಂತಿದ್ರೆ ಆಗ್ತಿತ್ತು. ಈಗ ಆರು ತಿಂಗ್ಳು ಬಿಟ್ಟು ಬರ್ರಿ, ಮರುಪರೀಕ್ಷೆ ಐತೆ. ಆವಾಗ ಬಾಯಿ ಬಿಡಬ್ಯಾಡ ಅಂತ ಹೇಳ್ರಿ ಅವ್ರಿಗೆ."

ಪಿಸುದನಿಯಾದರೇನು, ಚಾಚಾರಿಗೆ ಅರ್ಥವಾಗಿತ್ತು. ಮುಖ ಕೆಂಪಾಯಿತು. "ನಾಟ್ಕ ಆಡ್ಲಾ? ಡಾಕ್ಟ್ರ ಮುಂದೆ ಕುಂತು ಸುಳ್ಳು ಹೇಳ್ಲಾ? ನನಗೆ ಬ್ಯಾಡ ಆ ಮಷಿನ್. ನಡಿ ಬೇಟಿ."

ನಡೆದೆವು. ನಾನು ಜಗಳಗಂಟಿ ಎಂದು ಊರಿಗೆಲ್ಲ ಗೊತ್ತು. ಆದರೆ ಜಗಳಕ್ಕೂ ಒಬ್ಬ ಎದುರಾಳಿ ಬೇಕಲ್ಲ. ಯಾರ ಜೊತೆ ಜಗಳ ಆಡುವುದು? ಡಾಕ್ಟರು ಕೇಳಿದ್ದು ಸರಿ, ಚಾಚಾ ಹೇಳಿದ್ದು ಸರಿ, ಫಾರಂ ತುಂಬಿದ್ದೂ ಸರಿ. ಎಲ್ಲವೂ ಸರಿಯಾಗಿ ನಡೆದು ಒಬ್ಬ ಮನುಷ್ಯನ ಅನ್ನ ಹೋಗುತ್ತಿತ್ತು.

ದಾವಣಗೆರೆ ಬಸ್ಸು ತುಂಬಿತ್ತು. ಹೆಂಗಸರು ಮುಂದೆ, ಗಂಡಸರು ಹಿಂದೆ. ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ, ಚಾಚಾ ಕೊನೆಯ ಸಾಲಿನಲ್ಲಿ. ನಡುವೆ ಒಂದಿಪ್ಪತ್ತು ತಲೆ, ಎರಡು ಕೋಳಿ ಬುಟ್ಟಿ, ಇಂಜಿನ್ನಿನ ಗದ್ದಲ. ಕಂಡಕ್ಟರು ಬಂದರು. ಇಬ್ಬರ ಟಿಕೆಟ್ಟೂ ನಾನೇ ತೆಗೆದುಕೊಂಡೆ. ಹಿಂದೆ ತಿರುಗಿ ಚಾಚಾರಿಗೆ ಹೇಳಿದೆ: ನಿಮ್ ಟಿಕೆಟ್ ತಗೊಂಡೀನಿ.

ಹೇಳಿದೆ ಎಂದೆನಲ್ಲ, ದನಿ ತೆಗೆಯಲಿಲ್ಲ. ಬರೀ ತುಟಿ ಆಡಿಸಿದೆ.

ಆ ಕಡೆಯಿಂದ ಅವರೂ ತುಟಿಯಲ್ಲೇ ಉತ್ತರ ಕೊಟ್ಟರು: ಯಾಕ ತಗೊಂಡಿ? ನನ್ನ ಹತ್ರ ಇತ್ತಲ್ಲ.

ನಾನೆಂದೆ: ಇರ್ಲಿ ಬಿಡ್ರಿ.

ಅವರೆಂದರು: ಚಾಚಿಗೆ ಏನ್ ಹೇಳೋದು?

ನನ್ನ ಪಕ್ಕದ ಹೆಂಗಸು ನಮ್ಮಿಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದಳು. ತಪ್ಪೇನಿಲ್ಲ. ಇದು ಮಗ್ಗದ ಮಾತು. ನೇಯ್ಗೆ ವಿಭಾಗದ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲವಾದ್ದರಿಂದ ಅಲ್ಲಿ ಯಾರೂ ಕೂಗುವುದೇ ಇಲ್ಲ. ತುಟಿಯಲ್ಲೇ ಹೇಳುತ್ತಾರೆ, ಕಣ್ಣಲ್ಲೇ ಕೇಳುತ್ತಾರೆ. ಇಪ್ಪತ್ತು ಮಗ್ಗದಾಚೆ ನಿಂತವನ ಜೊತೆ ಮಗಳಿಗೆ ಗಂಡು ಗೊತ್ತಾದ ಸುದ್ದಿಯನ್ನೂ ಮಾತಾಡುತ್ತಾರೆ, ಮೇಸ್ತ್ರಿಯನ್ನೂ ಬೈಯುತ್ತಾರೆ. ನಮ್ಮಪ್ಪ ಮನೆಗೆ ಬಂದ ಮೇಲೂ ಊಟದ ಹೊತ್ತಿಗೆ ಹಾಗೇ ಮಾತಾಡುತ್ತಿದ್ದರು. ಬರೀ ತುಟಿ. ದನಿ ಬರುತ್ತಿದ್ದದ್ದು ರಜೆಯ ದಿನ ಮಾತ್ರ. ನಾನು ಅಕ್ಷರ ಕಲಿಯುವುದಕ್ಕೆ ಮೊದಲೇ ಈ ಭಾಷೆ ಕಲಿತವಳು.

ಥಟ್ಟನೆ ಸೀಟಿನಿಂದ ಎದ್ದು ನಿಂತೆ.

ಅಂದರೆ ಡಾಕ್ಟರು ಕೇಳಿದ ಹತ್ತು ಪ್ರಶ್ನೆಗಳಲ್ಲಿ ಚಾಚಾ ಒಂದನ್ನೂ ಕಿವಿಯಿಂದ ಕೇಳಲಿಲ್ಲ! ಎದುರಿಗೆ ಕೂತು, ಬೆಳಕಿನಲ್ಲಿ, ನಿಧಾನವಾಗಿ, ಒಂದೊಂದೇ ಪ್ರಶ್ನೆ. ಮೂವತ್ತು ವರ್ಷ ಮಗ್ಗದ ಮಾತು ಆಡಿದವರಿಗೆ ಅದು ಪರೀಕ್ಷೆಯೇ? ಕರೆಂಟ್ ಹೋದರೆ ಮಾತು ಬಂದ್ ಎಂದು ಚಾಚಿ ಇದನ್ನೇ ಅಲ್ಲವೇ ಹೇಳಿದ್ದು? ನೇಕಾರನ ಮಗಳಾದ ನನಗೆ ಇದು ಹೊಳೆಯಬಾರದಿತ್ತೇ?

"ಹೋಲ್ಡಾನ್!" ಎಂದು ಕೂಗಿದೆ. ಡ್ರೈವರು ಬೆಚ್ಚಿ ಬ್ರೇಕ್ ಹಾಕಿದರು. ಕಂಡಕ್ಟರು ಏನೇನೋ ಅಂದರು. (ಅಚ್ಚು ಹಾಕುವಂಥದ್ದಲ್ಲ.) ಚಾಚಾರ ಅಂಗಿ ಹಿಡಿದು ಇಳಿಸಿಕೊಂಡೆ. ಎದುರಿಗೆ ಖಾಲಿ ಟಾಂಗಾ ಒಂದು ಬರುತ್ತಿತ್ತು. ಹತ್ತಿ ಕೂತು, ಹರಿಹರ ಎಂದೆ.

ನಾವು ತಲುಪಿದಾಗ ಡಾಕ್ಟರು ಕೈ ತೊಳೆದು ಟಿಫಿನ್ ಕ್ಯಾರಿಯರ್ ಬಿಚ್ಚುತ್ತಿದ್ದರು. ಮೈಸೂರು ಕಡೆಯವರು, ವಯಸ್ಸಾದವರು, ಮಾತು ಮೃದು.

"ಏನಮ್ಮಾ, ಬರೆದು ಕೊಟ್ಟಾಯಿತಲ್ಲ. ಅವರಿಗೆ ಚೆನ್ನಾಗೇ ಕೇಳಿಸುತ್ತೆ."

"ಕೇಳ್ಸಲ್ರೀ ಡಾಕ್ಟ್ರೇ. ಕಾಣ್ತೈತೆ."

ಅವರಿಗೆ ಅರ್ಥವಾಗಲಿಲ್ಲ. ಗುಮಾಸ್ತರು ಮರುಪರೀಕ್ಷೆಗೆ ಆರು ತಿಂಗಳು ಎಂದು ಶುರು ಮಾಡಿದರು. ನಾನು ಕೈ ಮುಗಿದೆ. (ಹೌದು, ನಾನು. ನನ್ನಿಂದ ಬರೀ ಬೈಗುಳ ತಿಂದ ಮುನಿಸಿಪಾಲಿಟಿಯವರು ಇದನ್ನು ಓದಿ ಹೊಟ್ಟೆಕಿಚ್ಚು ಪಡಬಾರದು.) "ಡಾಕ್ಟ್ರೇ, ಒಂದೇ ಒಂದು ಚೀಟಿ ಮ್ಯಾಲೆ ಏನಾದ್ರೂ ಬರೆದು ನನ್ನ ಕೈಗೆ ಕೊಡ್ರಿ. ನಿಮಗೆ ತೋಚಿದ್ದು. ನಾನು ಆ ವರಾಂಡದ ತುದೀಗೆ ಹೋಗಿ ನಿಂದರ್ತೀನಿ."

ಅವರಿಗೂ ಕುತೂಹಲ. ಬರೆದುಕೊಟ್ಟರು. ನಾನು ವರಾಂಡದ ತುದಿಗೆ ಹೋಗಿ ಓದಿಕೊಂಡೆ, ಆಮೇಲೆ ಚಾಚಾರ ಕಡೆ ತಿರುಗಿ ತುಟಿ ಆಡಿಸಿದೆ. ದನಿ ಒಂದು ಚೂರೂ ಇಲ್ಲ.

ಚಾಚಾ ಸಂಕೋಚದಿಂದ ಡಾಕ್ಟರ ಕಡೆ ನೋಡಿ ಗಟ್ಟಿಯಾಗಿ ಹೇಳಿದರು. "ಡಾಕ್ಟ್ರ ಡಬ್ಬ್ಯಾಗ ಇವತ್ತೂ ಚಿತ್ರಾನ್ನನೇ ಐತಂತೆ."

ಡಾಕ್ಟರು ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟರು. ಆಮೇಲೆ ತಾವೇ ಎದ್ದು ಚಾಚಾರ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕೂರಿಸಿದರು. ಹಿಂದೆ ಬಂದು ನಿಂತರು.

"ದಸ್ತಗೀರ್ ಸಾಬ್ರೇ, ನಿಮ್ಮ ಊರು ಯಾವುದು?"

ಉತ್ತರವಿಲ್ಲ.

"ನಿಮಗೆ ಎಷ್ಟು ಜನ ಮಕ್ಕಳು?" ಈಗ ಜೋರಾಗಿ ಕೇಳಿದರು.

ಉತ್ತರವಿಲ್ಲ.

"ನಿಮಗೆ ಮಷಿನ್ ಬೇಡವಾ?" ಅದು ಕೂಗು. ಹೊರಗಿನ ಬೆಂಚಿನಿಂದ ಇಬ್ಬರು ರೋಗಿಗಳು ಇಣುಕಿ ನೋಡಿದರು.

ಡಾಕ್ಟರು ಮೇಜಿನ ಮೇಲಿದ್ದ ಸ್ಟೀಲಿನ ತಟ್ಟೆ ಎತ್ತಿ ನೆಲಕ್ಕೆ ಬಿಟ್ಟರು. ನಾನು ಹಾರಿಬಿದ್ದೆ. ಗುಮಾಸ್ತರ ಪೆನ್ನು ಕೈಜಾರಿತು. ಕಿಟಕಿಯಾಚೆಯ ಬೇವಿನ ಮರದಿಂದ ಕಾಗೆ ಹಾರಿತು. ಚಾಚಾ ಆ ಕಾಗೆ ಯಾಕೆ ಹಾರಿತು ಎಂಬಂತೆ ಅದನ್ನೇ ನೋಡುತ್ತ, ಮೊಣಕೈ ತುರಿಸಿಕೊಳ್ಳುತ್ತ ಕೂತಿದ್ದರು.

ಗೆದ್ದೆ ಎಂದು ಕುಣಿಯಬೇಕಿತ್ತು ನಾನು. ಆಗಲಿಲ್ಲ. ಅವರು ಕಿವುಡರು ಎಂದು ನನಗೆ ಎಷ್ಟೋ ವರ್ಷದಿಂದ ಗೊತ್ತು. ಆದರೆ ನಮ್ಮೆಲ್ಲರ ಮುಖದಿಂದ ಕಣ್ಣು ತೆಗೆದ ಕೂಡಲೇ ಅವರು ಎಷ್ಟು ಒಂಟಿಯಾಗಿಬಿಡುತ್ತಾರೆ ಎಂಬುದನ್ನು ನಾನು ನೋಡಿದ್ದು ಅವತ್ತೇ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಸರ್, ಫಾರಂನಾಗ ಎದುರಿಗೆ ಕುಂತು ಕೇಳ್ಬೇಕು ಅಂತ ಐತ್ರಿ," ಎಂದರು ಗುಮಾಸ್ತರು.

"ಹಿಂದಿನಿಂದ ಕೇಳಬಾರದು ಅಂತ ಇದೆಯಾ? ತೋರಿಸಿ."

ಗುಮಾಸ್ತರು ಫಾರಂ ತಿರುಗಿಸಿ ಮುರುಗಿಸಿ ನೋಡಿದರು. ಇರಲಿಲ್ಲ. "ಮರುಪರೀಕ್ಷೆಗೆ ಆರು ತಿಂಗ್ಳು ಆಗ್ಬೇಕಲ್ರಿ ಸರ್?"

"ಮೊದಲನೇ ಪರೀಕ್ಷೆ ಮುಗಿದರೆ ತಾನೇ ಮರುಪರೀಕ್ಷೆ? ನನ್ನದಿನ್ನೂ ಮುಗಿದೇ ಇಲ್ಲ," ಎಂದು ಡಾಕ್ಟರು ಕೆಂಪು ಶಾಯಿಯ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಕೆಳಗೆ ಹೊಸದಾಗಿ ಬರೆದರು: ತುಟಿಯ ಚಲನೆಯಿಂದ ಮಾತು ಗ್ರಹಿಸುತ್ತಾರೆ. ಶ್ರವಣ ಶಕ್ತಿ ಬಹುತೇಕ ಇಲ್ಲ. ಸಾಧನ ಅತ್ಯಗತ್ಯ.

ಅತ್ಯಗತ್ಯ ಎಂಬ ಪದದ ಕೆಳಗೆ ಎರಡು ಗೆರೆ ಎಳೆದರು. ಆ ಎರಡು ಗೆರೆಗಳಿಗಾಗಿ ಅವರ ಮೇಲೆ ನಾನು ಈ ಜನ್ಮದಲ್ಲಿ ಏನೂ ಬರೆಯುವುದಿಲ್ಲ.

ಗುಮಾಸ್ತರೇ ಓಡಿ ಹೋಗಿ ಸೀಲು ಒತ್ತಿಸಿಕೊಂಡು ಬಂದರು. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಚಾಚಾ ಸರ್ಟಿಫಿಕೇಟನ್ನು ಎಣ್ಣೆ ತಾಗದ ಹಾಗೆ ಅಂಗಿಯೊಳಗೆ ಇಟ್ಟುಕೊಂಡಿದ್ದರು, ಮೂರು ಸಲ ಮುಟ್ಟಿ ನೋಡಿಕೊಂಡರು. ಎರಡನೇ ಮೆಣಸಿನಕಾಯಿಗೆ ಕೈ ಹಾಕುತ್ತ, "ಈ ಸಲ ಫೇಲ್ ಆದೆ ಅಲ್ಲಾ ಬೇಟಿ?" ಎಂದು ಕೇಳಿದರು. ಫಸ್ಟ್ ಕ್ಲಾಸಲ್ಲಿ ಫೇಲಾದ್ರಿ ಎಂದೆ.

ಈಗ ಫಾರಂ ಬರೆದ ಆ ಮುಖ ಕಾಣದ ಮಹಾಶಯರಿಗೆ ಒಂದು ಮಾತು. ಸ್ವಾಮೀ, ನಿಮ್ಮ ಫಾರಂ ಪೂರ್ತಿ ಓದಿದೆ. ಕಿವುಡನಂತೆ ನಟಿಸುವವನನ್ನು ಹಿಡಿಯುವುದಕ್ಕೆ ಹತ್ತು ಪ್ರಶ್ನೆ ಇಟ್ಟಿದ್ದೀರಿ. ಜನ ಸುಳ್ಳು ಹೇಳಿಯಾರು ಎಂಬ ನಿಮ್ಮ ಭಯ ಪ್ರತಿ ಸಾಲಿನಲ್ಲೂ ಇದೆ. ಕೇಳದಿದ್ದರೂ ಕೇಳಿದಂತೆ ನಿಭಾಯಿಸಿಕೊಂಡು, ಯಾರಿಗೂ ತೊಂದರೆ ಕೊಡದೆ ದುಡಿಯುವವನನ್ನು ಗುರುತಿಸುವುದಕ್ಕೆ ಒಂದಾದರೂ ಪ್ರಶ್ನೆ ಬೇಡವೇ? ಈ ರಾಜ್ಯದಲ್ಲಿ ಇವೆರಡರಲ್ಲಿ ಯಾವ ಬಗೆಯ ಜನ ಜಾಸ್ತಿ ಇದ್ದಾರೆ ಅಂದುಕೊಂಡಿದ್ದೀರಿ? ಕುಂಟುತ್ತಲೇ ನಡೆದು ಬಂದವನಿಗೆ ನಡೆಯಲು ಬರುತ್ತದೆ ಎಂದು ಬರೆಯುತ್ತೀರಾ?

ನೇಯ್ಗೆ ಮಿಲ್ಲಿರುವ ಊರಿಗೆ ಇಂಥ ಫಾರಂ ಕಳಿಸುವ ಮುನ್ನ ಒಂದೇ ಒಂದು ಸಲ ಮಗ್ಗದ ಪಕ್ಕ ನಿಂತು ನೋಡಬಹುದಿತ್ತು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಬನ್ನಿ, ನಾನೇ ತೋರಿಸುತ್ತೇನೆ.

ಡಾಕ್ಟರು ಬೆಂಗಳೂರಿಗೆ ಪತ್ರ ಬರೆದಿದ್ದಾರೆ, ಫಾರಂ ತಿದ್ದಿ ಎಂದು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿದೆ. ಅವರು ಅದಕ್ಕೆ ಕಾಯುತ್ತಾ ಕೂತಿಲ್ಲ. ಅವರ ಕೋಣೆಯಲ್ಲೀಗ ಒಂದು ಕುರ್ಚಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿರುತ್ತದಂತೆ. ಚಾಚಾರ ಮಿಲ್ಲಿನಿಂದಲೇ ಇನ್ನೂ ಮೂವರು ಹೋಗಿ ಬಂದರು. ಮೂವರೂ ಎದುರಿಗೆ ಪಾಸು, ಹಿಂದಿನಿಂದ ಫೇಲು. ಮೂವರಿಗೂ ಸರ್ಟಿಫಿಕೇಟ್ ಸಿಕ್ಕಿತು. ಅವರಲ್ಲಿ ಒಬ್ಬರು ತಮಗೆ ಕಿವಿ ಕೇಳುವುದಿಲ್ಲವೆಂದು ಹೆಂಡತಿಗೂ ಹೇಳಿರಲಿಲ್ಲವಂತೆ.

ಸರ್ಟಿಫಿಕೇಟ್ ನೋಡಿದ ಮೇಲೆ ಮ್ಯಾನೇಜರು ಮಷಿನ್ ಬರುವ ತನಕ ಗಡುವು ಮುಂದೂಡಿದರು. ಚಾಚಾರ ಮಷಿನ್ ಬಂತು. ಬೆಂಕಿಪೆಟ್ಟಿಗೆಗಿಂತ ಒಂದಿಷ್ಟು ದೊಡ್ಡದು, ಅಂಗಿಯ ಜೇಬಿನಲ್ಲಿ ಕೂರುತ್ತದೆ. ಅಲ್ಲಿಂದ ಕಿವಿಗೆ ಒಂದು ವೈರು. ಮೊದಲ ದಿನ ಅವರು ಚಾಚಿಯ ಬಳೆಯ ಸದ್ದಿಗೂ ತಿರುಗಿ ನೋಡಿದರಂತೆ. ಮಾತು ಇನ್ನೂ ಪೂರ್ತಿ ಸ್ಪಷ್ಟವಿಲ್ಲ, ಆದರೆ ಲಾರಿಯ ಹಾರ್ನ್ ಕೇಳುತ್ತದೆ, ಹೆಸರು ಹಿಡಿದು ಕೂಗಿದ್ದು ಕೇಳುತ್ತದೆ, ಹತ್ತಿರದಲ್ಲಿ ನಿಂತು ಆಡಿದ್ದೂ ಕೇಳುತ್ತದೆ. ವಿಮೆಯವರು ದುಡ್ಡನ್ನೂ ಚುಕ್ತಾ ಮಾಡಿದರು. ಮತ್ತೆ ಹೇಳುತ್ತೇನೆ, ಕಾನೂನು ಒಳ್ಳೆಯದು.

ಮಷಿನ್ ಹಾಕಿಕೊಂಡು ಗೋದಾಮಿನ ಗೇಟಿಗೆ ನಿಂತ ಮೊದಲ ದಿನದ ಕಥೆಯನ್ನು ಚಾಚಾ ನಿನ್ನೆ ನಮ್ಮ ಮನೆಗೇ ಬಂದು ಹೇಳಿದರು. ಮ್ಯಾನೇಜರು ಅವರ ಹಿಂದಿನಿಂದ ಹಾದುಹೋಗುತ್ತ, ಜೊತೆಯಲ್ಲಿದ್ದವರಿಗೆ ಮಾಮೂಲಿ ದನಿಯಲ್ಲೇ ಅಂದರಂತೆ. "ಈ ಕಿವುಡ ಯಾಕಾದ್ರೂ ಬಂದು ಇಲ್ಲಿ ನಿಲ್ತಾನೋ!"

ಚಾಚಾ ತಿರುಗಿ ನೋಡಲಿಲ್ಲವಂತೆ. ಬರುತ್ತಿದ್ದ ಲಾರಿಗೆ ಗೇಟು ತೆರೆಯುತ್ತಲೇ ಅಂದರಂತೆ: "ಕೆಲಸ ಮಾಡಾಕೆ, ಸಾಹೇಬ್ರೆ."

ಆ ಇಬ್ಬರಲ್ಲಿ ಮಷಿನ್ ಹಾಕಿಕೊಂಡಿರುವುದು ಚಾಚಾ ಒಬ್ಬರೇ. ಅವತ್ತಿನಿಂದ ಮ್ಯಾನೇಜರ ಮಾತೂ ಎಷ್ಟೊಂದು ಸುಧಾರಿಸಿದೆಯಂತೆ ಗೊತ್ತೇ?